ಒಬಾಮಾ ಹೇಳಿದರೂ ಬ್ರಿಟನ್ ಯಾಕೆ ಕೇಳಲಿಲ್ಲ? ದೀಪಾವಳಿಯ ಒಪ್ಪಂದ ಯಾಕೆ ತಪ್ಪಿತು?

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಬ್ರೆಕ್ಸಿಟ್ (ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟು ಹೊರಬಂದದ್ದು) ಬಗ್ಗೆ ಕಿರು ಪ್ರಬಂಧ ಬರೆಯಬೇಕು. ಮತದಾನಕ್ಕೆ ಮೊದಲು ಒಬಾಮಾ ‘ಬೇಡ’ ಅಂದರು, ಜನ ಕೇಳಲಿಲ್ಲ. ಆಮೇಲೆ ಟ್ರಂಪ್ ‘ದೊಡ್ಡ ಒಪ್ಪಂದ ಕೊಡ್ತೀನಿ’ ಅಂದರು, ಅದೂ ವರ್ಷಗಟ್ಟಲೆ ಬರಲಿಲ್ಲ. ಹಾಗಾದರೆ ಹೊರದೇಶದ ನಾಯಕರ ಮಾತಿಗೆ ಇನ್ನೊಂದು ದೇಶದ ರಾಜಕೀಯದಲ್ಲಿ ಬೆಲೆಯೇ ಇಲ್ಲವಾ? ಭಾರತದ ಜತೆಗಿನ ಒಪ್ಪಂದಕ್ಕೆ ಮೂರೂವರೆ ವರ್ಷ ಯಾಕೆ ಹಿಡಿಯಿತು?

ಉತ್ತರ:

ನಿಮ್ಮ ಪ್ರಶ್ನೆ ಓದಿದ ತಕ್ಷಣ ನನಗೆ ನೆನಪಾದದ್ದು ಒಂದೇ ಒಂದು ಪದ: ಕ್ಯೂ.

2016ರ ಏಪ್ರಿಲ್ 22. ಒಬಾಮಾ ಲಂಡನ್‌ನಲ್ಲಿದ್ದರು. ಹಿಂದಿನ ದಿನವಷ್ಟೇ ರಾಣಿ ಎಲಿಜಬೆತ್ ಅವರ 90ನೇ ಹುಟ್ಟುಹಬ್ಬ ಆಗಿತ್ತು. ಪ್ರಧಾನಿ ಡೇವಿಡ್ ಕ್ಯಾಮರಾನ್ ಪಕ್ಕದಲ್ಲೇ ನಿಂತು ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಯುರೋಪ್ ಒಕ್ಕೂಟ ಬಿಟ್ಟರೆ ಬ್ರಿಟನ್‌ಗೆ ಅಮೆರಿಕದ ಜತೆ ವ್ಯಾಪಾರ ಒಪ್ಪಂದ ಬೇಗ ಸಿಗುತ್ತಾ ಅನ್ನುವ ಮಾತು ಬಂತು. ಬ್ರಿಟನ್ ‘ಕ್ಯೂ’ನ ಹಿಂದೆ ನಿಲ್ಲಬೇಕಾಗುತ್ತದೆ ಎಂದು ಒಬಾಮಾ ಹೇಳಿಬಿಟ್ಟರು. ಆಗ ಅಮೆರಿಕ ಇಡೀ ಯುರೋಪ್ ಒಕ್ಕೂಟದ ಜತೆ ದೊಡ್ಡ ಒಪ್ಪಂದಕ್ಕೆ ಮಾತಾಡುತ್ತಿತ್ತು. ಒಂದೊಂದೇ ದೇಶದ ಜತೆ ಬೇರೆ ಬೇರೆಯಾಗಿ ಕೂರುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ. ಅಂದರೆ ವಿಷಯ ಸರಿಯಾಗಿಯೇ ಇತ್ತು.

ಆದರೆ ಅಮೆರಿಕನ್ನರು ಸಾಲಿಗೆ ‘ಲೈನ್’ ಅನ್ನುತ್ತಾರೆ. ‘ಕ್ಯೂ’ ಅನ್ನುವವರು ಬ್ರಿಟಿಷರು. ಬ್ರೆಕ್ಸಿಟ್ ಪರ ಇದ್ದ ನೈಜೆಲ್ ಫರಾಜ್ ಮತ್ತು ಅವರ ಕಡೆಯವರು ಅದನ್ನೇ ಹಿಡಿದುಕೊಂಡರು. ಈ ಮಾತನ್ನು ಪ್ರಧಾನಿ ಕಚೇರಿಯವರೇ ಬರೆದು ಕೊಟ್ಟಿರಬೇಕು ಎಂದು ಸಂಶಯ ಎಬ್ಬಿಸಿದರು. ಆಗ ಲಂಡನ್ ಮೇಯರ್ ಆಗಿದ್ದ ಬೋರಿಸ್ ಜಾನ್ಸನ್ ಒಂದು ಪತ್ರಿಕೆಯಲ್ಲಿ ಬರೆದು, ಒಬಾಮಾ ಅವರ ಕೀನ್ಯಾ ಮೂಲವನ್ನೂ ಎಳೆದು ತಂದರು. ಅದು ತುಂಬ ಕೀಳು ಮಾತು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಕೊನೆಗೆ ಆದದ್ದು ಏನು? ವ್ಯಾಪಾರದ ಲೆಕ್ಕ ಪಕ್ಕಕ್ಕೆ ಹೋಯಿತು. ‘ನಮಗೆ ಬುದ್ಧಿ ಹೇಳೋಕೆ ಇವರು ಯಾರು’ ಅನ್ನುವುದೇ ಚರ್ಚೆಯಾಯಿತು. ಎರಡು ತಿಂಗಳ ನಂತರ, ಜೂನ್ 23ರಂದು, ಶೇ. 51.9ರಷ್ಟು ಜನ ಹೊರಬರಲು ಮತ ಹಾಕಿದರು. ವ್ಯತ್ಯಾಸ ಸುಮಾರು 12.7 ಲಕ್ಷ ಮತ.

ಒಬಾಮಾ ಮಾತಿನಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ವಲಸೆ, ಮುಚ್ಚಿದ ಕಾರ್ಖಾನೆಗಳು, ಸರ್ಕಾರ ಖರ್ಚಿಗೆ ಹಾಕಿದ ಕಡಿವಾಣ, ಲಂಡನ್ ಮೇಲಿನ ಸಿಟ್ಟು, ಹೀಗೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಅವರ ಎಚ್ಚರಿಕೆ ನಿರೀಕ್ಷಿಸಿದ ಕೆಲಸ ಮಾಡಲಿಲ್ಲ ಅನ್ನುವುದು ಸ್ಪಷ್ಟ. ಅವರೊಬ್ಬರೇ ಅಲ್ಲ. ಐಎಂಎಫ್ ಮುಖ್ಯಸ್ಥೆ ಕ್ರಿಸ್ಟೀನ್ ಲಗಾರ್ಡ್ ಎಚ್ಚರಿಸಿದರು. ನಮ್ಮ ಪ್ರಧಾನಿ ಮೋದಿಯವರು 2015ರ ನವೆಂಬರ್‌ನಲ್ಲಿ ಲಂಡನ್‌ಗೆ ಹೋದಾಗ, ಭಾರತಕ್ಕೆ ಬ್ರಿಟನ್ ಅಂದರೆ ಯುರೋಪಿನ ಬಾಗಿಲು ಅನ್ನುವ ಅರ್ಥದ ಮಾತಾಡಿದ್ದರು. ಇಷ್ಟು ಜನ ಒಂದೇ ಮಾತು ಹೇಳಿದರೂ ಫಲಿತಾಂಶ ಬೇರೆಯೇ ಬಂತು.

ನಮ್ಮ ಊರುಗಳಲ್ಲಿ ಇದನ್ನು ನೋಡಿಯೇ ಇರುತ್ತೀರಿ. ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ, ಬೆಂಗಳೂರಿನಲ್ಲಿ ಚೆನ್ನಾಗಿ ದುಡಿಯುತ್ತಿರುವ ಅಣ್ಣ ಕಾರಿನಲ್ಲಿ ಬಂದು ‘ಇಂಥವರಿಗೇ ಹಾಕಿ’ ಅಂದರೆ ಏನಾಗುತ್ತದೆ? ಅವನ ಮಾತಿನಲ್ಲಿ ಸತ್ಯ ಇರಬಹುದು. ಆದರೂ ಕಟ್ಟೆಯ ಮೇಲೆ ಕೂತವರು ಮೊದಲು ಕೇಳುವುದು ‘ಇವನಿಗೇನು ಬಂತು’ ಅಂತ. ಎದುರಾಳಿ ಕಡೆಯವರು ಆ ಒಂದು ಪ್ರಶ್ನೆಯನ್ನೇ ಮನೆ ಮನೆಗೆ ಒಯ್ಯುತ್ತಾರೆ. ಮಾತು ಯಾರದ್ದು ಅನ್ನುವುದು ಅಲ್ಲಿಗೆ ಮುಗಿಯುತ್ತದೆ. ಅದನ್ನು ಒಳಗಿನವರು ಯಾರು ಎತ್ತಿಕೊಂಡರು, ಹೇಗೆ ಬಳಸಿದರು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಇತ್ತೀಚಿನ ಉದಾಹರಣೆ ಬೇಕೆಂದರೆ ಕೆನಡಾ ನೋಡಿ. 2025ರ ಆರಂಭದಲ್ಲಿ ಅಲ್ಲಿನ ಕನ್ಸರ್ವೇಟಿವ್ ಪಕ್ಷ ಸಮೀಕ್ಷೆಗಳಲ್ಲಿ ಬಹಳ ಮುಂದಿತ್ತು. ಕೆನಡಾ ಅಮೆರಿಕದ 51ನೇ ರಾಜ್ಯ ಆಗಲಿ ಎಂದು ಟ್ರಂಪ್ ಮತ್ತೆ ಮತ್ತೆ ಹೇಳಿದರು, ಸಾಲದ್ದಕ್ಕೆ ಸುಂಕವನ್ನೂ ಹಾಕಿದರು. ಏಪ್ರಿಲ್ 28ರ ಚುನಾವಣೆಯಲ್ಲಿ ಮಾರ್ಕ್ ಕಾರ್ನಿ ಅವರ ಲಿಬರಲ್ ಪಕ್ಷ ಗೆದ್ದಿತು. ಕನ್ಸರ್ವೇಟಿವ್ ನಾಯಕ ಪಿಯೆರ್ ಪೊಲಿಯೆವ್ ತಮ್ಮ ಸ್ವಂತ ಕ್ಷೇತ್ರವನ್ನೇ ಕಳೆದುಕೊಂಡರು. ಹೊರಗಿನ ಮಾತು ಇಲ್ಲಿ ಖಂಡಿತ ಕೆಲಸ ಮಾಡಿತು, ಆದರೆ ಉಲ್ಟಾ ದಿಕ್ಕಿನಲ್ಲಿ.

ಮತ್ತೆ ಬ್ರಿಟನ್‌ಗೆ ಬರೋಣ. ಮತದಾನ ಆದಮೇಲಿನ ಒಂದು ಸಂಜೆಯನ್ನು ನಿಮಗೆ ಹತ್ತಿರದಿಂದ ತೋರಿಸಬೇಕು.

2018ರ ಜುಲೈ 12. ಬ್ಲೆನಿಮ್ ಅರಮನೆ, ಚರ್ಚಿಲ್ ಹುಟ್ಟಿದ ಜಾಗ. ಪ್ರಧಾನಿ ತೆರೇಸಾ ಮೇ ಅಲ್ಲಿ ಟ್ರಂಪ್ ಅವರಿಗೆ ಔತಣ ಏರ್ಪಡಿಸಿದ್ದರು. ಮಿಲಿಟರಿ ಬ್ಯಾಂಡ್, ದೊಡ್ಡ ದೊಡ್ಡ ಉದ್ಯಮಿಗಳು, ಕೆಂಪು ಗೌನ್ ಉಟ್ಟ ಮೇ. ಆರು ದಿನ ಹಿಂದಷ್ಟೇ ಅವರು ಚೆಕರ್ಸ್‌ನಲ್ಲಿ (ಅದು ಬ್ರಿಟನ್ ಪ್ರಧಾನಿಯ ಹಳ್ಳಿಮನೆ) ತಮ್ಮ ಮಂತ್ರಿಗಳನ್ನೆಲ್ಲ ಕೂರಿಸಿ ಬ್ರೆಕ್ಸಿಟ್ ಯೋಜನೆಗೆ ಒಪ್ಪಿಸಿದ್ದರು. ಮೂರು ದಿನ ಹಿಂದೆ ಅದೇ ಯೋಜನೆ ಬೇಡ ಎಂದು ಬೋರಿಸ್ ಜಾನ್ಸನ್ ವಿದೇಶಾಂಗ ಮಂತ್ರಿ ಹುದ್ದೆ ಬಿಟ್ಟಿದ್ದರು. ಔತಣದ ಹೊತ್ತಿನಲ್ಲೇ ಟ್ರಂಪ್ ಸಂದರ್ಶನ ಹೊರಬಂತು. ಮೇ ಅವರ ಯೋಜನೆಯಂತೆ ಹೋದರೆ ಅಮೆರಿಕದ ಜತೆ ಒಪ್ಪಂದ ಸತ್ತ ಹಾಗೆಯೇ ಎಂಬ ಅರ್ಥದ ಮಾತು ಅದರಲ್ಲಿತ್ತು. ಜಾನ್ಸನ್ ಒಳ್ಳೆಯ ಪ್ರಧಾನಿ ಆಗಬಲ್ಲರು ಎಂಬ ಹೊಗಳಿಕೆಯೂ ಇತ್ತು. ಊಟಕ್ಕೆ ಕರೆದವರ ಮನೆಯಲ್ಲೇ, ಊಟದ ಹೊತ್ತಲ್ಲೇ! ಮರುದಿನ ಚೆಕರ್ಸ್‌ನಲ್ಲಿ ಅದೇ ಟ್ರಂಪ್ ಮೇ ಪಕ್ಕದಲ್ಲಿ ನಿಂತು ಮೆತ್ತಗೆ ಮಾತಾಡಿದರು. ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು. ಮೇ ಅವರನ್ನು ಇಳಿಸಬೇಕು ಅಂದುಕೊಂಡಿದ್ದ ಅವರದ್ದೇ ಪಕ್ಷದವರ ಕೈಗೆ ಒಂದು ಆಯುಧ ಸಿಕ್ಕಿತು. ಒಂದು ವರ್ಷದಲ್ಲಿ ಮೇ ಹೋದರು, ಜಾನ್ಸನ್ ಬಂದರು.

ಇಲ್ಲೂ ಎಚ್ಚರ ಇರಲಿ. ಮೇ ಅವರನ್ನು ಬೀಳಿಸಿದ್ದು ಟ್ರಂಪ್ ಅಲ್ಲ. ಸಂಸತ್ತು ಅವರ ಒಪ್ಪಂದವನ್ನು 2019ರಲ್ಲಿ ಮೂರು ಸಲ ತಿರಸ್ಕರಿಸಿತು. ಹೊರಗಿನವರು ಉರಿಯುತ್ತಿದ್ದ ಒಲೆಗೆ ಊದಿದರು ಅಷ್ಟೇ. ಸೌದೆ ಒಳಗಿನದೇ.

ಅದೇ ಟ್ರಂಪ್ ಮಾತು ಮುಂದಿನ ವರ್ಷ ಜಾನ್ಸನ್ ಅವರಿಗೂ ತಲೆನೋವಾಯಿತು. 2019ರ ಜೂನ್‌ನಲ್ಲಿ ಟ್ರಂಪ್, ವ್ಯಾಪಾರ ಮಾತುಕತೆಯಲ್ಲಿ ಎಲ್ಲವೂ ಮೇಜಿನ ಮೇಲಿರುತ್ತದೆ, ಎನ್‌ಎಚ್‌ಎಸ್ ಕೂಡ ಅಂದುಬಿಟ್ಟರು. ಎನ್‌ಎಚ್‌ಎಸ್ ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ. ಆಸ್ಪತ್ರೆಗೆ ಹೋದರೆ ಬಿಲ್ ಇಲ್ಲ. ಬಡವರು, ಮಧ್ಯಮ ವರ್ಗದವರು ಅದನ್ನು ಮನೆಯ ಹಿರಿಯರ ಹಾಗೆ ಪ್ರೀತಿಸುತ್ತಾರೆ. ಮರುದಿನವೇ ಟ್ರಂಪ್ ಮಾತು ಬದಲಿಸಿದರು. ಆದರೂ ಆ ನವೆಂಬರ್‌ನಲ್ಲಿ ವಿರೋಧ ಪಕ್ಷದ ಜೆರೆಮಿ ಕಾರ್ಬಿನ್ 451 ಪುಟಗಳ ಕಾಗದಪತ್ರ ಎತ್ತಿ ತೋರಿಸಿ, ಎನ್‌ಎಚ್‌ಎಸ್ ಮಾರಾಟಕ್ಕಿದೆ ಎಂದು ಪ್ರಚಾರ ಮಾಡಿದರು. ಕಾರ್ಬಿನ್ ಸೋತರು, ಜಾನ್ಸನ್ 80 ಸೀಟುಗಳ ಬಹುಮತ ಪಡೆದರು. ಆದರೆ ಚುನಾವಣೆ ಗೆದ್ದವರಿಗೂ ಆ ವಿಷಯದಲ್ಲಿ ಕೈ ಕಟ್ಟಿಹೋಗಿತ್ತು. ಅಮೆರಿಕದ ಜತೆ ಯಾವ ಒಪ್ಪಂದವಾದರೂ ಎನ್‌ಎಚ್‌ಎಸ್ ಮುಟ್ಟುವುದಿಲ್ಲ ಎಂದು ಪದೇಪದೇ ಮಾತು ಕೊಡಬೇಕಾಯಿತು. ಕೋಳಿಮಾಂಸವನ್ನು ಕ್ಲೋರಿನ್ ನೀರಿನಲ್ಲಿ ತೊಳೆಯುವ ಅಮೆರಿಕದ ಪದ್ಧತಿ, ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸ, ಇವೂ ಹಾಗೇ ಆದವು. ಅಂಗಡಿಗೆ ಹೋಗುವ ಗೃಹಿಣಿಯೂ ‘ಆ ಕೋಳಿ ನಮಗೆ ಬೇಡ’ ಅನ್ನತೊಡಗಿದಳು. ವ್ಯಾಪಾರ ಒಪ್ಪಂದದ ಒಂದು ಕಲಮು ಅಡುಗೆಮನೆಯ ಮಾತಾಯಿತು ಅಂದರೆ, ಅದನ್ನು ಬಿಟ್ಟುಕೊಡಲು ಯಾವ ಮಂತ್ರಿಗೂ ಧೈರ್ಯ ಬರುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರುತ್ತೇನೆ. ಹೊರಗಿನವರ ಮಾತಿಗೆ ಬೆಲೆಯೇ ಇಲ್ಲವಾ? ಇದೆ. ಅದನ್ನು ತೋರಿಸಲು ಒಬಾಮಾಗಿಂತ ಒಳ್ಳೆಯ ಉದಾಹರಣೆ ಅಮೆರಿಕದ ನಾಯಕಿ ನ್ಯಾನ್ಸಿ ಪೆಲೋಸಿ. ನಿಮ್ಮ ಪ್ರಬಂಧದಲ್ಲಿ ಇದಕ್ಕೇ ಜಾಸ್ತಿ ಪುಟ ಕೊಡಿ ಎಂದು ನನ್ನ ಸಲಹೆ.

ಹಿನ್ನೆಲೆ ಸ್ವಲ್ಪ ಬೇಕು. ಐರ್ಲೆಂಡ್ ದ್ವೀಪದಲ್ಲಿ ಎರಡು ಭಾಗ. ದಕ್ಷಿಣದ್ದು ಸ್ವತಂತ್ರ ದೇಶ, ಯುರೋಪ್ ಒಕ್ಕೂಟದಲ್ಲಿದೆ. ಉತ್ತರದ್ದು ಬ್ರಿಟನ್‌ಗೆ ಸೇರಿದ್ದು. ನಡುವೆ ಸುಮಾರು 500 ಕಿಲೋಮೀಟರ್ ಗಡಿ, ಅದನ್ನು ದಾಟುವ 200ಕ್ಕೂ ಹೆಚ್ಚು ರಸ್ತೆಗಳು. ಮೂವತ್ತು ವರ್ಷ ಅಲ್ಲಿ ಬಾಂಬು, ಗುಂಡು. 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಏಪ್ರಿಲ್ 10ರಂದು ಗುಡ್ ಫ್ರೈಡೇ ಒಪ್ಪಂದ ಆಯಿತು. ಮಾತುಕತೆ ನಡೆಸಿಕೊಟ್ಟವರು ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್. ಅಲ್ಲಿಂದ ಆ ಗಡಿ ಇದೆಯೋ ಇಲ್ಲವೋ ಅನ್ನುವಷ್ಟು ಸಲೀಸಾಯಿತು. ಈ ಕಡೆ ಮನೆ, ಆ ಕಡೆ ಹೊಲ ಇಟ್ಟುಕೊಂಡು ಬದುಕುವ ರೈತರಿದ್ದಾರೆ. ಬ್ರಿಟನ್ ಒಕ್ಕೂಟ ಬಿಟ್ಟರೆ ಅಲ್ಲಿ ಮತ್ತೆ ಕಸ್ಟಮ್ಸ್ ಚೆಕ್‌ಪೋಸ್ಟ್ ಬರುತ್ತದೆಯೇ, ಚೆಕ್‌ಪೋಸ್ಟ್ ಬಂದರೆ ಮತ್ತೆ ಗುಂಡು ಹಾರುತ್ತದೆಯೇ ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ. ಬ್ರೆಕ್ಸಿಟ್ ಅನ್ನು ಬರೀ ಅಂಕಿಅಂಶವಾಗಿ ನೋಡುವವರು ಇದನ್ನು ಮರೆಯುತ್ತಾರೆ. ನೀವು ಮರೆಯಬೇಡಿ.

2020ರ ಸೆಪ್ಟೆಂಬರ್‌ನಲ್ಲಿ ಜಾನ್ಸನ್ ಸರ್ಕಾರ ಒಂದು ಮಸೂದೆ ತಂದಿತು. ಉತ್ತರ ಐರ್ಲೆಂಡ್ ಬಗ್ಗೆ ಯುರೋಪ್ ಒಕ್ಕೂಟದ ಜತೆ ತಾವೇ ಸಹಿ ಹಾಕಿದ್ದ ಒಪ್ಪಂದದ ಕೆಲವು ಭಾಗಗಳನ್ನು ಮೀರುವ ಅಧಿಕಾರ ಅದರಲ್ಲಿತ್ತು. ಇದು ಅಂತರರಾಷ್ಟ್ರೀಯ ಕಾನೂನನ್ನು ‘ಸೀಮಿತವಾಗಿ’ ಮುರಿಯುತ್ತದೆ ಎಂದು ಮಂತ್ರಿ ಬ್ರ್ಯಾಂಡನ್ ಲೂಯಿಸ್ ಸೆಪ್ಟೆಂಬರ್ 8ರಂದು ಸಂಸತ್ತಿನಲ್ಲೇ ಒಪ್ಪಿಕೊಂಡರು. ಮರುದಿನವೇ ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ಪೆಲೋಸಿ ಹೇಳಿಕೆ ಕೊಟ್ಟರು. ಗುಡ್ ಫ್ರೈಡೇ ಒಪ್ಪಂದಕ್ಕೆ ಧಕ್ಕೆಯಾದರೆ ಅಮೆರಿಕ–ಬ್ರಿಟನ್ ವ್ಯಾಪಾರ ಒಪ್ಪಂದ ಕಾಂಗ್ರೆಸ್‌ನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ಪಾಸಾಗುವ ಮಾತೇ ಇಲ್ಲ ಎಂದರು. ಒಂದು ವಾರದಲ್ಲಿ, ಆಗ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಬೈಡನ್ ಕೂಡ ಅದನ್ನೇ ಹೇಳಿದರು.

ಒಬಾಮಾ ಮಾತಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಯಿತಲ್ವಾ? ಒಬಾಮಾ ಬ್ರಿಟಿಷ್ ಮತದಾರರಿಗೆ ಬುದ್ಧಿ ಹೇಳಿದರು. ಆ ಮತದಾರರು ಒಬಾಮಾಗೆ ಏನೂ ಬಾಕಿ ಇರಲಿಲ್ಲ. ಪೆಲೋಸಿ ಮಾತಾಡಿದ್ದು ಸರ್ಕಾರದ ಜತೆ. ಆ ಸರ್ಕಾರಕ್ಕೆ ಬೇಕಾದ ಬೀಗದ ಕೈ ಅವರ ಸೊಂಟದಲ್ಲಿತ್ತು. ಅಮೆರಿಕದ ಸಂವಿಧಾನದ ಪ್ರಕಾರ ವಿದೇಶಿ ವ್ಯಾಪಾರದ ಅಧಿಕಾರ ಇರುವುದು ಕಾಂಗ್ರೆಸ್‌ಗೆ. ಅಧ್ಯಕ್ಷರು ಎಷ್ಟೇ ‘ಅದ್ಭುತ ಒಪ್ಪಂದ’ ಅಂದರೂ, ಪೂರ್ಣ ಪ್ರಮಾಣದ ಒಪ್ಪಂದಕ್ಕೆ ಕೈ ಎತ್ತಬೇಕಾದವರು ಕಾಂಗ್ರೆಸ್ ಸದಸ್ಯರು. ಅವರಲ್ಲಿ ಎಷ್ಟೋ ಜನರ ಕ್ಷೇತ್ರಗಳಲ್ಲಿ ಐರಿಷ್ ಮೂಲದ ಮತದಾರರು ತುಂಬಿದ್ದಾರೆ. ಅಂದರೆ ಬಾಸ್ಟನ್ ಕಡೆಯ ಒಂದು ಕುಟುಂಬದ ಅಜ್ಜ ಐರ್ಲೆಂಡ್ ಬಿಟ್ಟು ಬಂದ ನೆನಪು ಲಂಡನ್‌ನ ಒಂದು ಮಸೂದೆಯವರೆಗೆ ಬಂತು. ಹೊರಗಿನ ನಾಯಕರ ಪ್ರಭಾವ ಅನ್ನುವುದನ್ನು ಬಿಡಿಸಿ ನೋಡಿದರೆ, ಅಲ್ಲೂ ಒಳಗೆ ಇರುವುದು ಆ ನಾಯಕರ ಸ್ವಂತ ಮತದಾರರೇ.

ಡಿಸೆಂಬರ್‌ನಲ್ಲಿ ಬ್ರಿಟನ್ ಆ ಕಲಮುಗಳನ್ನು ಕೈಬಿಟ್ಟಿತು. ಪೆಲೋಸಿ ಒಬ್ಬರಿಂದಲೇ ಅಲ್ಲ. ಯುರೋಪ್ ಒಕ್ಕೂಟ ಕಾನೂನು ಕ್ರಮ ಶುರುಮಾಡಿತ್ತು, ಬ್ರಿಟನ್ ಸಂಸತ್ತಿನದೇ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಆ ಭಾಗಗಳನ್ನು ತೆಗೆದುಹಾಕಿತ್ತು, ಬೈಡನ್ ಗೆದ್ದಿದ್ದರು. ಆದರೆ ಪೆಲೋಸಿ ಅವರ ಮಾತಿಗೆ ತೂಕ ಇತ್ತು ಎನ್ನುವುದರಲ್ಲಿ ನನಗೆ ಸಂಶಯ ಇಲ್ಲ.

ಜಪಾನ್ ಕೂಡ ಹೀಗೇ ಜಾಣತನ ತೋರಿಸಿತು. ಮತದಾನ ಆದ ಮೇಲೆ, 2016ರ ಸೆಪ್ಟೆಂಬರ್‌ನಲ್ಲಿ, 15 ಪುಟಗಳ ಒಂದು ಪತ್ರ ಪ್ರಕಟಿಸಿತು. ಭಾಷಣ ಇಲ್ಲ, ಬುದ್ಧಿಮಾತು ಇಲ್ಲ. ನಮ್ಮ ಕಂಪನಿಗಳು ನಿಮ್ಮಲ್ಲಿವೆ, ಅವಕ್ಕೆ ಇಂತಿಂಥದ್ದು ಬೇಕು ಎಂಬ ಪಟ್ಟಿ. ಸಂಡರ್‌ಲ್ಯಾಂಡ್ ಊರಿನ ಕಾರು ಕಾರ್ಖಾನೆ ನೋಡಿ. 1986ರಲ್ಲಿ ನಿಸ್ಸಾನ್ ಶುರುಮಾಡಿದ್ದು. ಆ ಊರಿನ ಶೇ. 61ರಷ್ಟು ಜನ ಬ್ರೆಕ್ಸಿಟ್‌ಗೆ ಮತ ಹಾಕಿದ್ದರು. ಅದೇ ಕಾರ್ಖಾನೆ ಉಳಿಯಬೇಕು ಅನ್ನುವುದೂ ಅದೇ ಜನಕ್ಕೆ ಬೇಕಿತ್ತು. ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮಂತ್ರಿ ಭರವಸೆಯ ಪತ್ರ ಕೊಟ್ಟರು, ಹೊಸ ಮಾದರಿಯ ಕಾರು ಅಲ್ಲೇ ತಯಾರಿಸುವುದಾಗಿ ಕಂಪನಿ ಹೇಳಿತು. ಬ್ರಿಟನ್–ಜಪಾನ್ ಒಪ್ಪಂದ 2020ರ ಅಕ್ಟೋಬರ್‌ನಲ್ಲೇ ಸಹಿಯಾಯಿತು. ಬಹುಪಾಲು ಜಪಾನ್–ಯುರೋಪ್ ಒಪ್ಪಂದದ್ದೇ ನಕಲು ಆಗಿದ್ದರಿಂದ ಬೇಗ ಮುಗಿಯಿತು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ವ್ಯಾಪಾರ ಮಾತುಕತೆಯಲ್ಲಿ ನಾಯಕರು ಮಾಡುವ ದೊಡ್ಡ ತಪ್ಪು ಅಂದರೆ ಗಡುವು ಘೋಷಿಸುವುದು. 2021ರ ಜೂನ್‌ನಲ್ಲಿ ಬ್ರಿಟನ್ನಿನ ಕಾರ್ನ್‌ವಾಲ್‌ನಲ್ಲಿ ಜಿ7 (ಏಳು ಶ್ರೀಮಂತ ದೇಶಗಳ ಕೂಟ) ಸಭೆ ಇತ್ತು. ಆ ಹೊತ್ತಿಗೆ ಆಸ್ಟ್ರೇಲಿಯಾ ಜತೆ ಒಪ್ಪಂದ ಮುಗಿಸಿಬಿಡಬೇಕು ಎಂದು ಬ್ರಿಟನ್ ಹಟ ಹಿಡಿಯಿತು. ಜಾನ್ಸನ್ ಮತ್ತು ಆಸ್ಟ್ರೇಲಿಯಾ ಪ್ರಧಾನಿ ಸ್ಕಾಟ್ ಮಾರಿಸನ್ ಡೌನಿಂಗ್ ಸ್ಟ್ರೀಟ್‌ನ ಪ್ರಧಾನಿ ನಿವಾಸದಲ್ಲಿ ಊಟದ ಮೇಜಿನಲ್ಲಿ ಕೂತು ಕೊನೆಯ ಗಂಟು ಬಿಡಿಸಿದರು. ಎದುರಿಗೆ ಕೂತವರಿಗೆ ನಮ್ಮ ಅವಸರ ಗೊತ್ತಾದರೆ ಏನಾಗುತ್ತದೆ ಅನ್ನುವುದನ್ನು ಸಂತೆಯಲ್ಲಿ ಎತ್ತು ಕೊಂಡವರನ್ನು ಕೇಳಿ. ಸುಮಾರು ಒಂದೂವರೆ ವರ್ಷದ ಮೇಲೆ, ಆ ಒಪ್ಪಂದದ ಹೊತ್ತಿನಲ್ಲಿ ಕೃಷಿ ಮಂತ್ರಿಯಾಗಿದ್ದ ಜಾರ್ಜ್ ಯೂಸ್ಟಿಸ್ ಅವರೇ ಸಂಸತ್ತಿನಲ್ಲಿ ಎದ್ದು ನಿಂತು, ಅದು ಬ್ರಿಟನ್‌ಗೆ ಅಷ್ಟೇನೂ ಒಳ್ಳೆಯ ಒಪ್ಪಂದ ಅಲ್ಲ ಎಂದರು. ಬಿಟ್ಟುಕೊಟ್ಟದ್ದು ಜಾಸ್ತಿ, ಪಡೆದದ್ದು ಕಡಿಮೆ ಎಂದರು. ಲಾಭ 2035ರ ಹೊತ್ತಿಗೆ ಜಿಡಿಪಿಯ ಶೇ. 0.08 ಎಂಬುದು ಸರ್ಕಾರದ್ದೇ ಅಂದಾಜು. ಯುರೋಪ್ ಒಕ್ಕೂಟ ಬಿಟ್ಟಿದ್ದರಿಂದ ದೀರ್ಘ ಕಾಲದಲ್ಲಿ ಉತ್ಪಾದಕತೆ ಶೇ. 4ರಷ್ಟು ಕುಗ್ಗುತ್ತದೆ ಎಂಬುದು ಅಲ್ಲಿನ ಅಧಿಕೃತ ಬಜೆಟ್ ಕಾವಲು ಸಂಸ್ಥೆಯ ಅಂದಾಜು. ಎರಡೂ ಒಂದೇ ಅಳತೆ ಅಲ್ಲ, ಆದರೂ ಅಂತರ ಎಷ್ಟು ದೊಡ್ಡದು ನೋಡಿ.

ಇದಕ್ಕೆ ಒಂದು ಕಾರಣ ಅನುಭವದ ಕೊರತೆ. 1973ರಿಂದ ಬ್ರಿಟನ್ ಪರವಾಗಿ ವ್ಯಾಪಾರ ಒಪ್ಪಂದ ಮಾಡುತ್ತಿದ್ದದ್ದು ಬ್ರಸೆಲ್ಸ್, ಅಂದರೆ ಯುರೋಪ್ ಒಕ್ಕೂಟದ ಕಚೇರಿ. ಮೇಜಿನ ಮುಂದೆ ಕೂತು ಚೌಕಾಸಿ ಮಾಡಿದ ಅಧಿಕಾರಿಗಳೇ ಲಂಡನ್‌ನಲ್ಲಿ ಹೆಚ್ಚು ಇರಲಿಲ್ಲ. 2017ರಲ್ಲಿ ಮುಖ್ಯ ಸಲಹೆಗಾರರನ್ನು ನ್ಯೂಜಿಲೆಂಡ್‌ನಿಂದ ಕರೆಸಬೇಕಾಯಿತು.

ಈಗ ಭಾರತ. ಇದು ನಮಗೆ ಹತ್ತಿರದ ಕತೆ. ಬೆಂಗಳೂರಿನಿಂದಲೇ ಶುರು ಮಾಡುತ್ತೇನೆ.

ಪ್ರಧಾನಿಯಾದ ಮೇಲೆ ತೆರೇಸಾ ಮೇ ಯುರೋಪಿನ ಆಚೆ ವ್ಯಾಪಾರಕ್ಕೆಂದು ಮೊದಲು ಬಂದದ್ದು ಭಾರತಕ್ಕೆ. 2016ರ ನವೆಂಬರ್ 8ರಂದು ಬೆಂಗಳೂರಿನಲ್ಲಿದ್ದರು. ಸೀರೆ ಉಟ್ಟು ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋದರು. ಫೋಟೋ ಚೆನ್ನಾಗಿ ಬಂದವು. ಅದೇ ರಾತ್ರಿ ಎಂಟು ಗಂಟೆಗೆ 500, 1000ದ ನೋಟು ರದ್ದಾಯಿತು. ನಾವೆಲ್ಲ ಬ್ಯಾಂಕಿನ ಮುಂದೆ ಕ್ಯೂ ನಿಂತೆವು, ಆ ಭೇಟಿ ಯಾರಿಗೂ ನೆನಪಿನಲ್ಲಿ ಉಳಿಯಲಿಲ್ಲ. ಆದರೆ ದೆಹಲಿಯಲ್ಲಿ ಹಿಂದಿನ ದಿನ ನಡೆದ ಮಾತನ್ನು ನೀವು ಗಮನಿಸಬೇಕು. ನಮ್ಮ ವಿದ್ಯಾರ್ಥಿಗಳು ನಿಮ್ಮಲ್ಲಿ ಓದಲು ಹೆಚ್ಚು ಅವಕಾಶ ಕೊಡಿ ಎಂದು ಮೋದಿ ಕೇಳಿದರು. ಭಾರತದಿಂದ ಬರುವ ಹತ್ತು ಅರ್ಜಿಗಳಲ್ಲಿ ಒಂಬತ್ತಕ್ಕೆ ವೀಸಾ ಕೊಡುತ್ತಿದ್ದೇವೆ ಎಂದು ಮೇ ಉತ್ತರಿಸಿದರು. ವಿದ್ಯಾರ್ಥಿಗಳಿಗೆ ಹೊಸದೇನೂ ಕೊಡಲಿಲ್ಲ. ಓದು ಮುಗಿಸಿದ ಮೇಲೆ ಎರಡು ವರ್ಷ ಅಲ್ಲೇ ದುಡಿಯಲು ಇದ್ದ ವೀಸಾವನ್ನು 2012ರಲ್ಲಿ ಮುಚ್ಚಿದ್ದು ಅವರು ಗೃಹಮಂತ್ರಿ ಆಗಿದ್ದಾಗಲೇ. ಬ್ರೆಕ್ಸಿಟ್‌ಗೆ ಮತ ಹಾಕಿದ ಜನರಲ್ಲಿ ಬಹಳಷ್ಟು ಮಂದಿಗೆ ವಲಸೆ ಕಡಿಮೆ ಆಗಬೇಕಿತ್ತು. ಭಾರತಕ್ಕೆ ಒಪ್ಪಂದ ಅಂದರೆ ಜನರ ಓಡಾಟವೂ ಸೇರಿ. ಈ ಗಂಟು ಮೊದಲ ದಿನದಿಂದಲೇ ಇತ್ತು.

ಮಾತುಕತೆ ವಿಧಿವತ್ತಾಗಿ ಶುರುವಾದದ್ದು 2022ರ ಜನವರಿ 13ರಂದು. ಏಪ್ರಿಲ್‌ನಲ್ಲಿ ಜಾನ್ಸನ್ ಗುಜರಾತಿಗೆ, ದೆಹಲಿಗೆ ಬಂದು ‘ದೀಪಾವಳಿಗೆ ಮುಗಿಸೋಣ’ ಅಂದರು. ಮತ್ತೆ ಗಡುವು! ಜುಲೈನಲ್ಲಿ ಅವರೇ ರಾಜೀನಾಮೆ ಘೋಷಿಸಬೇಕಾಯಿತು. ಲಿಜ್ ಟ್ರಸ್ ಬಂದರು. ಅಕ್ಟೋಬರ್‌ನಲ್ಲಿ ಅವರ ಗೃಹಮಂತ್ರಿ ಸುಯೆಲ್ಲಾ ಬ್ರೇವರ್ಮನ್ ಒಂದು ಸಂದರ್ಶನದಲ್ಲಿ, ಭಾರತದ ಜತೆಗಿನ ಒಪ್ಪಂದ ವಲಸೆಗೆ ಬಾಗಿಲು ತೆರೆಯುತ್ತದೆ, ವೀಸಾ ಅವಧಿ ಮುಗಿದರೂ ಉಳಿದುಕೊಳ್ಳುವವರಲ್ಲಿ ಭಾರತೀಯರೇ ಜಾಸ್ತಿ ಎಂದುಬಿಟ್ಟರು. ಅವರು ಮಾತಾಡಿದ್ದು ತಮ್ಮ ಪಕ್ಷದ ಕಾರ್ಯಕರ್ತರಿಗೆ ಕೇಳಲಿ ಎಂದು. ಕೇಳಿಸಿದ್ದು ದೆಹಲಿಗೂ. ಅವರ ತಂದೆತಾಯಿಯೂ ಭಾರತೀಯ ಮೂಲದವರೇ ಆದ್ದರಿಂದ ಇಲ್ಲಿ ಇನ್ನೂ ನೋವಾಯಿತು. ದೀಪಾವಳಿ ಬರುವಷ್ಟರಲ್ಲಿ ಟ್ರಸ್ ಕೂಡ ರಾಜೀನಾಮೆ ಘೋಷಿಸಿದ್ದರು.

ಆಮೇಲೆ ರಿಷಿ ಸುನಕ್. 2015ರಲ್ಲಿ ವೆಂಬ್ಲಿ ಮೈದಾನದಲ್ಲಿ ಮೋದಿಯವರ ಪಕ್ಕ ನಿಂತು, ಬ್ರಿಟನ್‌ಗೆ ಭಾರತೀಯ ಮೂಲದ ಪ್ರಧಾನಿ ಬರುವ ದಿನ ದೂರ ಇಲ್ಲ ಎಂದು ಕ್ಯಾಮರಾನ್ ಹೇಳಿದ್ದರು. ಏಳು ವರ್ಷದಲ್ಲಿ ಅದು ನಿಜವಾಯಿತು. ಸುನಕ್ ಪತ್ನಿ ಅಕ್ಷತಾ ಮೂರ್ತಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ‘ಈಗ ಒಪ್ಪಂದ ಆದ ಹಾಗೇ’ ಎಂದು ಇಲ್ಲಿ ಎಷ್ಟೋ ಜನ ಅಂದುಕೊಂಡರು. ಆದದ್ದೇ ಬೇರೆ. ಅಕ್ಷತಾ ಅವರಿಗೆ ಇನ್ಫೋಸಿಸ್‌ನಲ್ಲಿ ಷೇರು ಇರುವುದರಿಂದ, ಒಪ್ಪಂದದಲ್ಲಿ ಸ್ವಂತ ಹಿತದ ಪ್ರಶ್ನೆ ಬರುವುದಿಲ್ಲವೇ ಎಂದು ಅಲ್ಲಿನ ವಿರೋಧ ಪಕ್ಷದವರು ಕೇಳಿದರು. ರಕ್ತಸಂಬಂಧದ ಲೆಕ್ಕ ವ್ಯಾಪಾರದಲ್ಲಿ ನಡೆಯುವುದಿಲ್ಲ. ಮಾತುಕತೆ ಎಳೆಯುತ್ತಲೇ ಹೋಯಿತು. 2024ರಲ್ಲಿ ಎರಡೂ ದೇಶಗಳಲ್ಲಿ ಚುನಾವಣೆ ಬಂತು, ನಿಂತೇಹೋಯಿತು.

ಕೊನೆಗೆ ಅದನ್ನು ದಡ ಮುಟ್ಟಿಸಿದ್ದರಲ್ಲಿ ಒಂದು ದೊಡ್ಡ ಪಾಲು ಮೂರನೆಯವರದು ಎಂಬುದು ನನ್ನ ಅಭಿಪ್ರಾಯ. 2025ರ ಏಪ್ರಿಲ್ 2ರಂದು ಟ್ರಂಪ್ ಬಹುತೇಕ ಎಲ್ಲ ದೇಶಗಳ ಮೇಲೂ ಸುಂಕ ಘೋಷಿಸಿದರು. ಬ್ರಿಟನ್‌ಗೆ ಶೇ. 10, ಭಾರತಕ್ಕೆ ಇನ್ನೂ ಜಾಸ್ತಿ. ಎಲ್ಲರಿಗೂ ಬೇರೆ ಮಾರುಕಟ್ಟೆ ಬೇಕಾಯಿತು. ಮೇ ತಿಂಗಳ ದಿನಾಂಕಗಳನ್ನು ಸಾಲಾಗಿ ಬರೆದು ನೋಡಿ. 6ಕ್ಕೆ ಬ್ರಿಟನ್–ಭಾರತ ಮಾತುಕತೆ ಮುಗಿಯಿತು. 8ಕ್ಕೆ ಬ್ರಿಟನ್–ಅಮೆರಿಕ ಒಪ್ಪಂದ. 19ಕ್ಕೆ ಯುರೋಪ್ ಒಕ್ಕೂಟದ ಜತೆ ಹೊಸ ಹೊಂದಾಣಿಕೆ. ಒಂಬತ್ತು ವರ್ಷ ಆಗದ್ದು ಎರಡು ವಾರದಲ್ಲಿ ಒಂದರ ಹಿಂದೆ ಒಂದು ಬಂತು.

ಅಮೆರಿಕದ್ದು ಪೂರ್ಣ ಒಪ್ಪಂದ ಅಲ್ಲ, ಸಣ್ಣದು. ವರ್ಷಕ್ಕೆ ಒಂದು ಲಕ್ಷ ಬ್ರಿಟಿಷ್ ಕಾರುಗಳಿಗೆ ಸುಂಕ ಶೇ. 27.5ರಿಂದ 10ಕ್ಕೆ ಇಳಿಯಿತು. ಬದಲಿಗೆ 140 ಕೋಟಿ ಲೀಟರ್ ಅಮೆರಿಕನ್ ಎಥನಾಲ್‌ಗೆ ಸುಂಕ ಇಲ್ಲದೆ ಬಾಗಿಲು ತೆರೆಯಿತು. ಆ ಆಗಸ್ಟ್‌ನಲ್ಲೇ ಹಲ್ ನಗರದ ಬಳಿಯ ದೊಡ್ಡ ಎಥನಾಲ್ ಕಾರ್ಖಾನೆ ಮುಚ್ಚುವ ಘೋಷಣೆ ಬಂತು. 160 ಜನರ ಕೆಲಸ ಹೋಯಿತು. ಕಾರು ಕಾರ್ಖಾನೆಯ ಕೆಲಸ ಉಳಿಸಲು ಎಥನಾಲ್ ಕಾರ್ಖಾನೆಯ ಕೆಲಸ ಕೊಟ್ಟ ಹಾಗಾಯಿತು. ಕ್ಲೋರಿನ್ ಕೋಳಿ ಮಾತ್ರ ಒಳಗೆ ಬರಲಿಲ್ಲ. ಅಡುಗೆಮನೆಯ ಮಾತು ಎಷ್ಟು ಗಟ್ಟಿ ನೋಡಿ.

ಭಾರತದ ಒಪ್ಪಂದಕ್ಕೆ ಜುಲೈ 24ರಂದು ಚೆಕರ್ಸ್‌ನಲ್ಲಿ, ಮೋದಿ ಮತ್ತು ಆಗಿನ ಬ್ರಿಟನ್ ಪ್ರಧಾನಿ ಕೀರ್ ಸ್ಟಾರ್ಮರ್ ಎದುರಿಗೆ ಸಹಿ ಬಿತ್ತು. ಅದರಲ್ಲಿ ಎಲ್ಲರ ಬಾಯಲ್ಲಿ ಇರುವುದು ವಿಸ್ಕಿ. ಸುಂಕ ಶೇ. 150 ಇದ್ದದ್ದು ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ. ಬಂದರಿಗೆ ಸಾವಿರ ರೂಪಾಯಿಗೆ ಬಂದ ಬಾಟಲಿಗೆ ಸುಂಕ ಸೇರಿ 2,500 ಆಗುತ್ತಿತ್ತು. ಅದು 1,750ಕ್ಕೆ, ಆಮೇಲೆ 1,400ಕ್ಕೆ ಬರುತ್ತದೆ. ನಮ್ಮ ರಾಜ್ಯದ ಅಬಕಾರಿ ಸುಂಕ ಅದರ ಮೇಲೆ ಬೇರೆ, ಅದನ್ನು ಲಂಡನ್ ಮುಟ್ಟಲಾಗದು.

ನನಗೆ ವಿಸ್ಕಿಗಿಂತ ಬಟ್ಟೆಯ ಸಾಲು ಮುಖ್ಯ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಗೆ ಬೆಳಗಾಗುವ ಮುಂಚೆ ಡಬ್ಬಿ ಹಿಡಿದು ಓಡುವ ಹೆಣ್ಣುಮಕ್ಕಳನ್ನು ನೋಡಿದ್ದೀರಲ್ಲ? ಅವರು ಹೊಲಿದ ಷರ್ಟಿಗೆ ಬ್ರಿಟನ್‌ನಲ್ಲಿ ಸುಂಕ ಬೀಳುತ್ತಿತ್ತು. ಬಟ್ಟೆಯ ಮೇಲಿನ ಸುಂಕ ಶೇ. 12ರವರೆಗೂ ಇತ್ತು. ಬಾಂಗ್ಲಾದೇಶದ ಷರ್ಟಿಗೆ ಸೊನ್ನೆ. ಒಪ್ಪಂದದಲ್ಲಿ ನಮ್ಮದೂ ಸೊನ್ನೆ. ಆ ಉಳಿತಾಯ ಬ್ರಿಟಿಷ್ ಅಂಗಡಿಯವರ ಜೇಬಿಗೆ ಹೋಗುತ್ತದೆಯೋ, ಕಾರ್ಖಾನೆ ಮಾಲೀಕರಿಗೋ, ಇಲ್ಲಾ ಹೊಲಿಯುವವರ ಕೂಲಿಗೂ ಸ್ವಲ್ಪ ಸೇರುತ್ತದೆಯೋ ಎನ್ನುವುದು ಒಪ್ಪಂದದಲ್ಲಿ ಬರೆದಿಲ್ಲ. ಅದಕ್ಕೆ ಇಲ್ಲಿಯೇ ಹೋರಾಡಬೇಕು.

ವೀಸಾ ವಿಷಯದಲ್ಲಿ ಏನಾಯಿತು ಎಂದು ಕೇಳುತ್ತೀರಿ. ಬ್ರಿಟನ್ ತನ್ನ ವಲಸೆ ನಿಯಮ ಬದಲಿಸಲಿಲ್ಲ. ಅಡುಗೆಯವರು, ಯೋಗ ಶಿಕ್ಷಕರು, ಸಂಗೀತಗಾರರಿಗೆ ವರ್ಷಕ್ಕೆ 1,800ರವರೆಗೆ ಅವಕಾಶ. ಇನ್ನೊಂದು, ನಮ್ಮ ಕಂಪನಿಗಳು ತಾತ್ಕಾಲಿಕವಾಗಿ ಅಲ್ಲಿಗೆ ಕಳಿಸುವ ನೌಕರರು ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟಬೇಕಿಲ್ಲ, ಇಲ್ಲಿಯ ಪಿಎಫ್ ಕಟ್ಟಿದರೆ ಸಾಕು. ಬೆಂಗಳೂರಿನಿಂದ ಆನ್‌ಸೈಟ್ ಹೋಗುವ ಟೆಕ್ಕಿಗಳಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಅಲ್ಲಿ ಇದಕ್ಕೂ ಗಲಾಟೆ ಆಯಿತು, ಭಾರತೀಯರಿಗೆ ತೆರಿಗೆ ವಿನಾಯಿತಿ ಎಂದು ವಿರೋಧ ಪಕ್ಷ ಕೂಗಿತು. ಅಮೆರಿಕ, ಯುರೋಪ್ ಒಕ್ಕೂಟ, ದಕ್ಷಿಣ ಕೊರಿಯಾ ಜತೆಗೂ ಇಂಥದ್ದೇ ಏರ್ಪಾಡು ಇದೆ ಎಂದು ಸರ್ಕಾರ ತೋರಿಸಿಕೊಟ್ಟಿತು.

ನಿಮ್ಮ ಪ್ರಬಂಧಕ್ಕೆ ಒಂದು ಕೆಲಸ ಹೇಳುತ್ತೇನೆ. ಒಂದು ಹಾಳೆಯಲ್ಲಿ ಒಬಾಮಾ, ಟ್ರಂಪ್, ಪೆಲೋಸಿ, ಜಪಾನ್ ಸರ್ಕಾರ, ಮೋದಿ ಹೇಳಿದ್ದನ್ನು ತಾರೀಖಿನ ಸಮೇತ ಬರೆಯಿರಿ. ಪ್ರತಿಯೊಂದರ ಮುಂದೆ, ಆ ಮಾತು ಯಾರಿಗೆ ಹೇಳಿದ್ದು, ಹೇಳಿದವರ ಕೈಯಲ್ಲಿ ಕೊಡಲು ಅಥವಾ ತಡೆಯಲು ಏನಿತ್ತು, ಬ್ರಿಟನ್ ಒಳಗೆ ಅದನ್ನು ಮೊದಲು ಎತ್ತಿಕೊಂಡವರು ಯಾರು ಎಂದು ತುಂಬಿ. ಪತ್ರಿಕೆಗಳ ತಲೆಬರಹಕ್ಕಿಂತ ಸಂಸತ್ತಿನ ಕಲಾಪದ ದಾಖಲೆ ಓದಿ. ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಯೂಸ್ಟಿಸ್ ಅವರ 2022ರ ನವೆಂಬರ್ ತಿಂಗಳ ಭಾಷಣದಿಂದಲೇ ಶುರು ಮಾಡಿ. ಓದಿ ಮುಗಿಸಿದ ಮೇಲೆ ಸಂಶಯ ಬಂದರೆ ಮತ್ತೆ ಬರೆಯಿರಿ, ಕೂತು ಉತ್ತರಿಸುತ್ತೇನೆ.